ಉಪ್ಪು-ಬೆಲ್ಲದ ನೀರು: ಜ್ಞಾನವಿನಿಮಯದ ಒಂದು ಚರಿತ್ರೆ

ಒಂದು ರಾಷ್ಟ್ರವು ಮತ್ತೊಂದು ರಾಷ್ಟ್ರದ ಅಭ್ಯುದಯಕ್ಕಾಗಿ ಧನವನ್ನೂ ಯಂತ್ರಗಳನ್ನೂ ತಜ್ಞರನ್ನೂ ಕಳುಹಿಸಿಕೊಡುವ ಪದ್ಧತಿಯು ಇಂದು ನಮಗೆಲ್ಲ ಪರಿಚಿತವಾದುದೇ ಆಗಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಈ ಪದ್ಧತಿಗೆ ಒಂದು ಶತಮಾನದ ವಯಸ್ಸೂ ಆಗಿಲ್ಲ. ಎರಡನೆಯ ಮಹಾಯುದ್ಧವು ಮುಗಿದು ಏಷ್ಯಾ ಖಂಡದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲದಲ್ಲಿ, 1949ರ ಜನವರಿ 20ರಂದು, ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ತಮ್ಮ ಪದಗ್ರಹಣ ಭಾಷಣದ ನಾಲ್ಕನೆಯ ಅಂಶವಾಗಿ, ತಮ್ಮ ದೇಶದ ವೈಜ್ಞಾನಿಕ ಹಾಗೂ ಕೈಗಾರಿಕಾ ಜ್ಞಾನದ ಫಲವನ್ನು ಹಿಂದುಳಿದ ದೇಶಗಳಿಗೂ ಒದಗಿಸುವ ಸಂಕಲ್ಪವನ್ನು ಸಾರಿದರು. 1950ರ ಜನವರಿಯಲ್ಲಿ ಕಾಮನ್‌ವೆಲ್ತ್ ದೇಶಗಳ ವಿದೇಶಾಂಗ ಸಚಿವರು ಕೊಲಂಬೋ ನಗರದಲ್ಲಿ ಸಭೆ ಸೇರಿ ಬೀಜ ಹಾಕಿದ ಕೊಲಂಬೋ ಯೋಜನೆಯು 1951ರ ಜುಲೈಯಲ್ಲಿ ಕಾರ್ಯಾರಂಭ ಮಾಡಿತು. ‘ತಾಂತ್ರಿಕ ನೆರವು’ ಎಂಬ ಮಾತು ಆಗ ಎಲ್ಲೆಡೆ ಬಳಕೆಗೆ ಬಂದಿತು.

ಈ ಮಾತಿನ ಹಿಂದೆ ಒಂದು ಕಲ್ಪನೆ ಅಡಗಿತ್ತು. ಒಂದು ಕಡೆ ತಿಳಿದವರು, ಇನ್ನೊಂದು ಕಡೆ ತಿಳಿಯದವರು. ಒಂದು ಕಡೆ ಕೊಡುವ ಕೈ, ಇನ್ನೊಂದು ಕಡೆ ಒಡ್ಡಿದ ಕೈ. ಮೇಲಿನ ಕೆರೆಯ ನೀರು ತೂಬಿನ ಮೂಲಕ ಕೆಳಗಿನ ಗದ್ದೆಗೆ ಹರಿಯುವಂತೆ ಜ್ಞಾನವೂ ಹರಿಯುತ್ತದೆ ಎಂಬುದೇ ಆ ಕಲ್ಪನೆ. ಧನದ ವಿಷಯದಲ್ಲಿ ಇದು ಸತ್ಯವಿರಬಹುದು. ಜ್ಞಾನದ ವಿಷಯದಲ್ಲಿ ಇದು ಅರ್ಧಸತ್ಯ ಮಾತ್ರ. ಕೊಟ್ಟವನ ಬೊಕ್ಕಸದಿಂದ ಹೋದ ಹಣ ಅಲ್ಲಿ ಕಡಿಮೆಯಾಗುತ್ತದೆ. ಕಲಿಸಿದವನ ವಿದ್ಯೆ ಕಡಿಮೆಯಾಗುವುದಿಲ್ಲ, ಮಾತ್ರವಲ್ಲ, ಕಲಿಸುವವನು ಕಣ್ಣು ತೆರೆದಿದ್ದರೆ ಶಿಷ್ಯನಿಂದಲೇ ಅದು ತಿದ್ದಲ್ಪಟ್ಟು ಬೆಳೆಯುತ್ತದೆ. ಇದನ್ನು ಬರಿಯ ತತ್ತ್ವವಾಗಿ ಹೇಳದೆ ನಡೆದ ಒಂದು ಸಂಗತಿಯಿಂದ ತೋರಿಸುವುದು ಈ ಲೇಖನದ ಉದ್ದೇಶ. ಆ ಸಂಗತಿಯು ನಡೆದುದು ವಂಗದೇಶದಲ್ಲಿ, ವಾಂತಿಭೇದಿ ಎಂದು ನಮ್ಮ ಹಿರಿಯರು ಹೆಸರು ಕೇಳಿದರೆ ನಡುಗುತ್ತಿದ್ದ ಕಾಲರಾ ರೋಗದ ಸಂಬಂಧದಲ್ಲಿ.

ಕಾಲರಾ ರೋಗವು ಗಂಗಾ-ಬ್ರಹ್ಮಪುತ್ರಾ ನದಿಗಳ ಮುಖಜಭೂಮಿಯಲ್ಲಿ ಬಹುಕಾಲದಿಂದ ನೆಲೆಸಿದ್ದು, 1817ರಲ್ಲಿ ಅಲ್ಲಿಂದ ಹೊರಟು ಲೋಕವ್ಯಾಪಿಯಾಯಿತು. ತೀವ್ರವಾಗಿ ಪೀಡಿತನಾದ ರೋಗಿಯ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೊರಟುಹೋಗಬಹುದು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಸಿಕ್ಕದೆ ಪ್ರಾಣ ಬಿಡುತ್ತಿದ್ದನು. ಇಲ್ಲಿ ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ಈ ರೋಗದಲ್ಲಿ ಮನುಷ್ಯನನ್ನು ಕೊಲ್ಲುವುದು ದೇಹದ ನೀರು ಮತ್ತು ಲವಣಗಳ ನಷ್ಟವೇ ಆಗಿದೆ. ಆ ನಷ್ಟವನ್ನು ತುಂಬಿಕೊಟ್ಟರೆ ರೋಗವು ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಈ ಸತ್ಯದ ಸುಳಿವು ಸಿಕ್ಕಿದ್ದು ಬಹಳ ಹಿಂದೆಯೇ. 1831-32ರಲ್ಲಿ ಬ್ರಿಟನ್ನಿಗೆ ಕಾಲರಾ ತಗುಲಿದಾಗ ವಿಲಿಯಂ ಓಷಾನಸಿ ಎಂಬ ತರುಣ ವೈದ್ಯರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕುಂದಿರುವುದನ್ನು ಕಂಡುಹಿಡಿದರು. ಅದನ್ನನುಸರಿಸಿ 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಎಂಬ ವೈದ್ಯರು ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿ ಕೆಲವರನ್ನು ಬದುಕಿಸಿದರು. ಮರುವರ್ಷ ಓಷಾನಸಿಯವರು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಕಾಲರಾದ ತವರಾದ ವಂಗದೇಶಕ್ಕೇ ಬಂದರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದರು. ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ಹಾಕಿಸಿದ ಕೀರ್ತಿಯೂ ಅವರದೇ. ಆದರೆ ಉಪ್ಪುನೀರಿನ ಚಿಕಿತ್ಸೆಯನ್ನು ಜಗತ್ತು ಅರ್ಧ ಶತಮಾನಕ್ಕೂ ಮಿಕ್ಕಿ ಮರೆತುಬಿಟ್ಟಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯಲ್ಲಿ ಲೆನಾರ್ಡ್ ರೋಜರ್ಸ್ ಅವರು ಅದನ್ನು ಪುನಃ ಕೈಗೆತ್ತಿಕೊಂಡು ಸಾವಿನ ಪ್ರಮಾಣವನ್ನು ಗಣನೀಯವಾಗಿ ಇಳಿಸಿದರು.

ಆದರೂ ಈ ಚಿಕಿತ್ಸೆಗೆ ಆಸ್ಪತ್ರೆ ಬೇಕು, ಸೂಜಿ ಬೇಕು, ಕುದಿಸಿ ಶುದ್ಧಿಗೊಳಿಸಿದ ದ್ರವ ಬೇಕು, ನುರಿತ ಕೈ ಬೇಕು. ಕಾಲರಾ ಬರುತ್ತಿದ್ದುದಾದರೋ ಇವೊಂದೂ ಇಲ್ಲದ, ಮಳೆಗಾಲದಲ್ಲಿ ದೋಣಿಯೊಂದೇ ಗತಿಯಾದ ಹಳ್ಳಿಗಳಿಗೆ. ರಕ್ತನಾಳಕ್ಕೆ ಹರಿಸುವ ದ್ರವವನ್ನು ಬಾಯಿಂದಲೇ ಕುಡಿಸಬಾರದೇಕೆ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. 1953ರಲ್ಲಿ ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದ ಕುಡಿಸಿ 186 ಮಂದಿ ರೋಗಿಗಳನ್ನು ಗುಣಪಡಿಸಿದ ವೃತ್ತಾಂತವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ದೊಡ್ಡಪತ್ರೆಯ ರಸವನ್ನೂ ಅವರು ಚಿಕಿತ್ಸೆಯಲ್ಲಿ ಬಳಸಿದ್ದುಂಟು. ಈ ಲೇಖನಕ್ಕೆ ದೊರೆಯಬೇಕಾದ ಗಮನ ದೊರೆಯಲಿಲ್ಲ. ಹೋಲಿಕೆಗಾಗಿ ಬೇರೆ ರೋಗಿಗಳ ತಂಡವನ್ನು ಅವರು ಇಟ್ಟುಕೊಂಡಿರಲಿಲ್ಲ, ದೇಹಕ್ಕೆ ಸೇರಿದ ಹಾಗೂ ಹೊರಹೋದ ದ್ರವದ ಲೆಕ್ಕ ಕೊಟ್ಟಿರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಇದು ನ್ಯಾಯವಾದ ಆಕ್ಷೇಪವೇ. ಆದರೆ ಆಕ್ಷೇಪವಿದ್ದಲ್ಲಿ ಪುನಃ ಪರೀಕ್ಷಿಸಿ ನೋಡುವುದು ವಿಜ್ಞಾನದ ಧರ್ಮ, ಸುಮ್ಮನೆ ಬದಿಗಿಡುವುದಲ್ಲ. 1959ರಲ್ಲಿ ಅದೇ ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರು, ಕಾಲರಾ ರೋಗಾಣುವು ಹೊರಬಿಡುವ ಒಂದು ವಿಷವೇ ಕರುಳಿನಿಂದ ನೀರನ್ನು ಹೊರಡಿಸುತ್ತದೆಂದು ತೋರಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಮಹತ್ವದ ಶೋಧಕ್ಕೂ ಮನ್ನಣೆ ಬಂದುದು ಬಹಳ ತಡವಾಗಿ. ಜ್ಞಾನವು ಎಲ್ಲಿಂದ ಬಂದೀತೆಂದು ಮೊದಲೇ ನಿಶ್ಚಯಿಸಿಕೊಂಡವರಿಗೆ ಬೇರೆ ದಿಕ್ಕಿನಿಂದ ಬಂದ ಜ್ಞಾನವು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಕಡೆಯಿಂದ ಪಾಶ್ಚಾತ್ಯ ವಿಜ್ಞಾನವೂ ಅದೇ ಬಾಗಿಲನ್ನು ತಟ್ಟುತ್ತಿತ್ತು. ಕರುಳಿನ ಗೋಡೆಯು ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವಾಗ ಜೊತೆಯಲ್ಲಿ ಉಪ್ಪಿನ ಅಂಶವನ್ನೂ ಒಯ್ಯುತ್ತದೆ ಎಂಬ ತತ್ತ್ವವನ್ನು ಅಮೆರಿಕದ ರಾಬರ್ಟ್ ಕ್ರೇನ್ ಅವರು 1960ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ಮಂಡಿಸಿದರು. ಉಪ್ಪು ಸಕ್ಕರೆಗಳು ಒಳಗೆ ಹೋದರೆ ನೀರು ಅವುಗಳನ್ನು ಹಿಂಬಾಲಿಸುತ್ತದೆ. ಕಾಲರಾ ಪೀಡಿತ ಕರುಳಿನಲ್ಲಿಯೂ ಈ ಬಾಗಿಲು ಮುಚ್ಚಿರುವುದಿಲ್ಲ ಎಂಬುದು ಮುಂದೆ ತಿಳಿದುಬಂದಿತು. ಅದೇ 1960ರಲ್ಲಿ, ಆಗ ಪೂರ್ವ ಪಾಕಿಸ್ತಾನದ ರಾಜಧಾನಿಯಾಗಿದ್ದ ಢಾಕಾದಲ್ಲಿ ಒಂದು ಕಾಲರಾ ಸಂಶೋಧನಾಲಯವು ಸ್ಥಾಪಿತವಾಯಿತು. ಹಣದ ಬಹುಭಾಗ ಅಮೆರಿಕದ್ದು. ಹೆಸರಿನಲ್ಲಿ ಇದ್ದುದು ಆಗ್ನೇಯ ಏಷ್ಯಾ ಸೈನಿಕ ಒಪ್ಪಂದದ ಕೂಟವಾದ ಸಿಯಾಟೋ. ಶೀತಲ ಸಮರದ ಲೆಕ್ಕಾಚಾರಗಳು ಈ ನೆರವಿನ ಹಿಂದೆ ಇದ್ದುವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ನೆರವಿನ ಮೂಲದಲ್ಲಿ ಸ್ವಾರ್ಥವಿದ್ದರೂ ಫಲದಲ್ಲಿ ಲೋಕಹಿತವಾಗಬಹುದೆಂಬುದಕ್ಕೆ ಈ ಸಂಸ್ಥೆಯೇ ಒಂದು ನಿದರ್ಶನ.

ಅಮೆರಿಕದ ನೌಕಾದಳದ ವೈದ್ಯರಾಗಿದ್ದ ರಾಬರ್ಟ್ ಫಿಲಿಪ್ಸ್ ಅವರು 1962ರಲ್ಲಿ ಮನಿಲಾದಲ್ಲಿ ಗ್ಲೂಕೋಸ್ ಬೆರೆತ ಉಪ್ಪುನೀರನ್ನು ಕುಡಿಸಿ ಪ್ರಯೋಗ ಮಾಡಿದರು. ದ್ರಾವಣದ ಪ್ರಮಾಣ ಸರಿಹೊಂದದೆ ಕೆಲವು ರೋಗಿಗಳು ತೀರಿಕೊಂಡರು. ಅವರು ಪ್ರಯೋಗವನ್ನು ನಿಲ್ಲಿಸಿದರು. ಮುಂದೆ ಢಾಕಾ ಸಂಶೋಧನಾಲಯದ ನಿರ್ದೇಶಕರಾಗಿ ಬಂದಾಗಲೂ ಆ ನೋವು ಅವರನ್ನು ಎಚ್ಚರದಿಂದಿರಿಸಿತು. 1968ರಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಅಮೆರಿಕದ ತರುಣ ವೈದ್ಯರು ರಫೀಕುಲ್ ಇಸ್ಲಾಂ, ಮಜೀದ್ ಮೊಲ್ಲಾ ಎಂಬ ಸ್ಥಳೀಯ ವೈದ್ಯರೊಡನೆ ಸೇರಿ, ರೋಗಿಯು ಎಷ್ಟು ನೀರನ್ನು ಕಳೆದುಕೊಂಡನೋ ಅಷ್ಟನ್ನೇ ಅಳೆದು ಕುಡಿಸುವ ಕ್ರಮವನ್ನು ರೂಪಿಸಿದರು. 29 ರೋಗಿಗಳಲ್ಲಿ ನಡೆದ ಆ ಪ್ರಯೋಗದಿಂದ ರಕ್ತನಾಳಕ್ಕೆ ಹರಿಸಬೇಕಾದ ದ್ರವದ ಪ್ರಮಾಣವು ಶೇಕಡ 80ರಷ್ಟು ತಗ್ಗಿತು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕಲ್ಕತ್ತೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕೇಂದ್ರದಲ್ಲಿ ಭಾರತೀಯರೂ ಅಮೆರಿಕನ್ನರೂ ಕೂಡಿ ಅದೇ ಹೊತ್ತಿಗೆ ಅದೇ ನಿರ್ಣಯಕ್ಕೆ ಬಂದಿದ್ದರು.

ಆದರೆ ಆಸ್ಪತ್ರೆಯ ಹಾಸಿಗೆಯ ಬಳಿ ಸಿದ್ಧವಾದುದು ಬಯಲಿನಲ್ಲಿ ಸಿದ್ಧವಾದಂತಲ್ಲ. ಬಯಲಿನ ಪರೀಕ್ಷೆಯು 1971ರಲ್ಲಿ ಬಂದಿತು. ಪೂರ್ವ ಪಾಕಿಸ್ತಾನದಲ್ಲಿ ನಡೆದ ದಮನಕ್ಕೆ ಹೆದರಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್ ಪಟ್ಟಣದ ಸುತ್ತಮುತ್ತಲೇ ಮೂರೂವರೆ ಲಕ್ಷದಷ್ಟು ನಿರಾಶ್ರಿತರು ನೆರೆದಿದ್ದರು. ಮಳೆಗಾಲ, ಕೊಚ್ಚೆ, ಕಾಲರಾ. ಜೂನ್ ತಿಂಗಳ ಕೊನೆಯಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಕಲ್ಕತ್ತೆಯಿಂದ ಅಲ್ಲಿಗೆ ಹೋದಾಗ, ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು ಮಲಗಿದ್ದರು. ನೆಲವೆಲ್ಲ ವಾಂತಿಭೇದಿಯಿಂದ ತುಂಬಿತ್ತು. ಶುಶ್ರೂಷೆಗೆ ಮೊಣಕಾಲೂರಿ ಕೂರಬೇಕಾಗಿತ್ತು. ರಕ್ತನಾಳಕ್ಕೆ ಹರಿಸುವ ಸಲೈನ್ ಬೇಗನೆ ಮುಗಿಯುತ್ತ ಬಂದಿತು; ಅದನ್ನು ಕೊಡಬಲ್ಲವರು ಬೆರಳೆಣಿಕೆಯಷ್ಟು ಜನ.

ಮಹಲನಬೀಸರು ಆಗ ಒಂದು ನಿರ್ಧಾರ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡಿಗೆ ಉಪ್ಪು, ಎರಡೂವರೆ ಗ್ರಾಂ ಅಡಿಗೆ ಸೋಡಾ ಎಂಬ ಲೆಕ್ಕದಲ್ಲಿ ಪುಡಿಯನ್ನು ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ ಬನಗಾಂವಿಗೆ ಸಾಗಿಸಲಾಯಿತು. ಅಲ್ಲಿ ಅದನ್ನು ಪೀಪಾಯಿಗಳಲ್ಲಿ ಕಲಸಿಟ್ಟರು. ಪೀಪಾಯಿಯಿಂದ ಲೋಟಕ್ಕೆ ಹಿಡಿದು ರೋಗಿಗೆ ಕುಡಿಸುವ ಕೆಲಸ ಯಾರದು? ರೋಗಿಯ ತಾಯಿ, ತಂದೆ, ಗಂಡ, ಅಣ್ಣತಮ್ಮಂದಿರದೇ. ಸಲೈನ್ ಎಂದರೆ ಪ್ರಾಣ ಉಳಿಸುವ ಔಷಧವೆಂದು ಜನ ಆಗಲೇ ನಂಬಿದ್ದುದರಿಂದ ಇದಕ್ಕೆ ‘ಬಾಯಿಂದ ಕುಡಿಯುವ ಸಲೈನ್’ ಎಂದೇ ಹೆಸರಿಟ್ಟರು. ಎಂಟು ವಾರಗಳ ಅವಧಿಯಲ್ಲಿ ಚಿಕಿತ್ಸೆ ಪಡೆದ 3,703 ರೋಗಿಗಳಲ್ಲಿ ತೀರಿಕೊಂಡವರು 135 ಮಂದಿ. ಎಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅದಕ್ಕೆ ಮೊದಲು ಅಂತಹ ಶಿಬಿರಗಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಜನ ಸಾಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಡಾ. ಧೀಮಾನ್ ಬರುವಾ ಅವರು ಸ್ವತಃ ಬಂದು ನೋಡಿ ಇದರ ಪ್ರಬಲ ಸಮರ್ಥಕರಾದರು. ಬಾಂಗ್ಲಾ ವಿಮೋಚನಾ ಹೋರಾಟಗಾರರ ಗುಪ್ತ ಬಾನುಲಿ ಕೇಂದ್ರವು ದ್ರಾವಣ ತಯಾರಿಸುವ ವಿಧಾನವನ್ನು ಪ್ರಸಾರ ಮಾಡಿತು. ಇಷ್ಟಾದರೂ ಈ ವೃತ್ತಾಂತದ ವರದಿಯು ಸುಲಭವಾಗಿ ಸ್ವೀಕೃತವಾಗದೆ 1973ರಲ್ಲಿ ಅಚ್ಚಾಯಿತು. ತರಬೇತಿಯಿಲ್ಲದ ಬಂಧುಗಳ ಕೈಯಲ್ಲಿ ಚಿಕಿತ್ಸೆಯೇ ಎಂದು ಪಂಡಿತರು ಹುಬ್ಬೇರಿಸಿದರು.

ಇಲ್ಲಿ ನಾವು ಒಂದು ಕ್ಷಣ ನಿಂತು ಆಲೋಚಿಸಬೇಕು. ಅಮೆರಿಕದ ಹಣ, ಯುರೋಪು ಅಮೆರಿಕಗಳ ಶರೀರಶಾಸ್ತ್ರ, ವಂಗದೇಶದ ವೈದ್ಯರ ಅನುಭವ, ನಿರಾಶ್ರಿತ ತಾಯಂದಿರ ತಾಳ್ಮೆ, ಇವು ನಾಲ್ಕೂ ಕೂಡಿದಾಗ ಈ ಚಿಕಿತ್ಸೆ ಹುಟ್ಟಿತು. ಇವುಗಳಲ್ಲಿ ಯಾವುದನ್ನು ‘ಕೊಟ್ಟವರದು’ ಎನ್ನೋಣ, ಯಾವುದನ್ನು ‘ಪಡೆದವರದು’ ಎನ್ನೋಣ? ನ್ಯೂಯಾರ್ಕಿನಲ್ಲಿಯೋ ಲಂಡನ್ನಿನಲ್ಲಿಯೋ ಇದ್ದುಕೊಂಡು ನಲಿನ್ ಮತ್ತು ಕ್ಯಾಶ್ ಅವರು ಇದನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲ. ಕರುಳಿನ ಬಾಗಿಲ ಗುಟ್ಟು ತಿಳಿಯದೆ ದ್ರಾವಣದ ಪ್ರಮಾಣವು ನಿಶ್ಚಿತವಾಗುತ್ತಲೂ ಇರಲಿಲ್ಲ.

ಈ ಚರಿತ್ರೆಯ ಎರಡನೆಯ ಅಧ್ಯಾಯ ಇನ್ನೂ ಮುಖ್ಯವಾದುದು. ಸ್ವತಂತ್ರ ಬಾಂಗ್ಲಾದೇಶದಲ್ಲಿ 1972ರಲ್ಲಿ ಫಜ್ಲೆ ಹಸನ್ ಅಬೇದ್ ಎಂಬವರು, ಯುದ್ಧದಿಂದ ಹಾಳಾದ ಸಿಲ್ಹೆಟ್ ಪ್ರಾಂತದ ಸುಲ್ಲಾ ಪ್ರದೇಶದಲ್ಲಿ ಪುನರ್ವಸತಿಗಾಗಿ ಬ್ರ್ಯಾಕ್ ಎಂಬ ಸಂಸ್ಥೆಯನ್ನು ಕಟ್ಟಿದರು. ಶೆಲ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರು ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ ಬಂದ ಹಣವನ್ನೂ ಇದರಲ್ಲಿ ಹಾಕಿದ್ದರು. ಆ ವೇಳೆಗೆ ಪುಡಿಯ ಪೊಟ್ಟಣಗಳು ತಯಾರಾಗುತ್ತಿದ್ದರೂ ಅವು ಎಲ್ಲ ಹಳ್ಳಿಗಳನ್ನು ಮುಟ್ಟುವಷ್ಟು ಇರಲಿಲ್ಲ. ಆದರೆ ಉಪ್ಪು, ಬೆಲ್ಲ, ನೀರು ಇವು ಬಡವರ ಮನೆಯಲ್ಲಿಯೂ ಉಂಟು. ಗ್ಲೂಕೋಸಿನ ಕೆಲಸವನ್ನು ಬೆಲ್ಲ ಮಾಡೀತು. ಬೆಲ್ಲದಲ್ಲಿ ಪೊಟ್ಯಾಸಿಯಂ ಅಂಶವೂ ಉಂಟು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇದೇ ಸೂತ್ರ. ಉಪ್ಪು ಹೆಚ್ಚಾದರೆ ಮಗುವಿನ ಪ್ರಾಣಕ್ಕೇ ಅಪಾಯವೆಂದು ತಜ್ಞರು ಆಕ್ಷೇಪಿಸಿದರು. ಆ ಭಯ ನಿರಾಧಾರವಾಗಿರಲಿಲ್ಲ. ಆದುದರಿಂದಲೇ ತಾಯಂದಿರು ಕಲಸಿದ ದ್ರಾವಣಗಳ ಮಾದರಿಗಳನ್ನು ಢಾಕಾದ ಪ್ರಯೋಗಾಲಯಕ್ಕೆ ತಂದು ಉಪ್ಪಿನ ಪ್ರಮಾಣವನ್ನು ಪರೀಕ್ಷಿಸಿ, ಬಹುಪಾಲು ಸುರಕ್ಷಿತವೆಂದು ಕಂಡ ಮೇಲೆಯೇ ಕಾರ್ಯವನ್ನು ವಿಸ್ತರಿಸಿದರು.

1979ರಲ್ಲಿ ಸುಲ್ಲಾದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 1980ರಿಂದ 1990ರವರೆಗೆ ಹತ್ತು ವರ್ಷ ಈ ಬೋಧನೆ ನಡೆಯಿತು. ಹಳ್ಳಿಯ ಹೆಣ್ಣುಮಕ್ಕಳೇ ಕಾರ್ಯಕರ್ತೆಯರಾಗಿ ಮನೆಮನೆಗೆ ಹೋಗಿ, ಒಬ್ಬೊಬ್ಬ ತಾಯಿಯ ಎದುರಿಗೂ ಕುಳಿತು, ನೆನಪಿಡಬೇಕಾದ ಹತ್ತು ಅಂಶಗಳನ್ನು ಹೇಳಿಕೊಟ್ಟು, ಅವಳ ಕೈಯಿಂದಲೇ ದ್ರಾವಣವನ್ನು ಮಾಡಿಸುತ್ತಿದ್ದರು. ಕೆಲವು ವಾರಗಳ ಮೇಲೆ ಬೇರೊಬ್ಬರು ಹೋಗಿ ಕೆಲವು ಮನೆಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು. ತಾಯಂದಿರು ಎಷ್ಟನ್ನು ನೆನಪಿಟ್ಟುಕೊಂಡಿದ್ದರೋ ಅದಕ್ಕೆ ತಕ್ಕಂತೆ ಕಾರ್ಯಕರ್ತೆಯ ಸಂಬಳ. ಶಿಷ್ಯರು ಕಲಿತರೆ ಮಾತ್ರ ಗುರುವಿಗೆ ದಕ್ಷಿಣೆ ಎಂಬ ಈ ನಿಯಮವನ್ನು ನಮ್ಮ ಎಷ್ಟು ವಿದ್ಯಾಸಂಸ್ಥೆಗಳು ತಾಳಿಕೊಂಡಾವು!

ತಾಯಂದಿರು ಚೆನ್ನಾಗಿಯೇ ನೆನಪಿಟ್ಟುಕೊಂಡರು. ಕೇಳಿದರೆ ಹತ್ತೂ ಅಂಶಗಳನ್ನು ಒಪ್ಪಿಸುತ್ತಿದ್ದರು. ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಬಳಸಿದವರು ತೀರ ಸ್ವಲ್ಪ ಜನ. ಇಂತಹ ಸಂದರ್ಭದಲ್ಲಿ ‘ಹಳ್ಳಿಯವರು ಮೂಢರು, ಹೇಳಿದರೂ ಕೇಳುವುದಿಲ್ಲ’ ಎಂದು ವರದಿ ಬರೆದು ಕೈ ತೊಳೆದುಕೊಳ್ಳುವುದು ಅಧಿಕಾರಿಗಳ ಸಾಮಾನ್ಯ ಪದ್ಧತಿ. ಬ್ರ್ಯಾಕ್ ಸಂಸ್ಥೆಯವರು ಹಾಗೆ ಮಾಡದೆ, ದೋಷ ನಮ್ಮ ಬೋಧನೆಯಲ್ಲಿರಬೇಕೆಂದು ವಿಚಾರ ಮಾಡಲು ಜನರನ್ನು ಕಳುಹಿಸಿದರು. ಆಗ ಮೂರು ಸಂಗತಿಗಳು ತಿಳಿದುಬಂದವು.

ಮೊದಲನೆಯದು ಭಾಷೆಯ ಸಂಗತಿ. ಕಾರ್ಯಕರ್ತೆಯರು ‘ಡಯರಿಯಾ’ ಎಂಬ ಶಬ್ದವನ್ನು ಬಳಸುತ್ತಿದ್ದರು. ವೈದ್ಯರ ಕಿವಿಗೆ ಅದು ಎಲ್ಲ ಬಗೆಯ ಭೇದಿಗೂ ಹೆಸರು. ಆದರೆ ಹಳ್ಳಿಯ ತಾಯಂದಿರು ಭೇದಿಯಲ್ಲಿ ನಾಲ್ಕು ಬಗೆಗಳನ್ನು ಎಣಿಸುತ್ತಿದ್ದರು. ಮೊಲೆಯುಣ್ಣುವ ಕೂಸಿಗೆ ಹಾಲಿನ ದೋಷದಿಂದ ಬರುವುದು ಒಂದು, ಅಜೀರ್ಣದಿಂದ ಬರುವುದು ಇನ್ನೊಂದು, ಆಮಶಂಕೆ ಮೂರನೆಯದು, ಕಾಲರಾದಂತೆ ನೀರು ನೀರಾಗಿ ಹೋಗುವುದು ನಾಲ್ಕನೆಯದು. ಈ ನಾಲ್ಕನೆಯದಕ್ಕೆ ಮಾತ್ರ ಅವರು ‘ಡಯರಿಯಾ’ ಎನ್ನುತ್ತಿದ್ದುದರಿಂದ ಅದಕ್ಕೆ ಮಾತ್ರ ಉಪ್ಪು-ಬೆಲ್ಲದ ನೀರನ್ನು ಕೊಡುತ್ತಿದ್ದರು. ಅವರು ಪಾಠವನ್ನು ತಪ್ಪಿ ನಡೆದಿರಲಿಲ್ಲ. ತಮಗೆ ಅರ್ಥವಾದಂತೆ ನಿಷ್ಠೆಯಿಂದಲೇ ನಡೆದಿದ್ದರು. ಗುರುವಿಗೇ ಶಿಷ್ಯರ ನಿಘಂಟು ತಿಳಿದಿರಲಿಲ್ಲ. ಎರಡನೆಯದು ನಂಬಿಕೆಯ ಸಂಗತಿ. ಕಾರ್ಯಕರ್ತೆಯರಲ್ಲೇ ಹಲವರು ತಮಗೆ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದರು. ತಾನು ನಂಬದ್ದನ್ನು ಬೋಧಿಸುವವರ ಮಾತು ಕೇಳುವವರ ಹೃದಯಕ್ಕೆ ಇಳಿಯುವುದಿಲ್ಲ. ಮೂರನೆಯದು ಮನೆಯ ವ್ಯವಸ್ಥೆಯ ಸಂಗತಿ. ಬೋಧನೆಯೆಲ್ಲ ಹೆಂಗಸರಿಗೇ ನಡೆದುದರಿಂದ, ಇದೇನೆಂದು ತಿಳಿಯದ ಗಂಡಸರು ಸಂಶಯಪಡುತ್ತಿದ್ದರು.

ಮೂರನ್ನೂ ತಿದ್ದಿದರು. ತಾಯಂದಿರ ನಾಲ್ಕು ಹೆಸರುಗಳನ್ನೂ ಹಿಡಿದು, ನಾಲ್ಕಕ್ಕೂ ಈ ನೀರು ಕೊಡಬೇಕೆಂದು ಹೇಳತೊಡಗಿದರು. ಕಾರ್ಯಕರ್ತೆಯರಿಗೆ ಚಿಕಿತ್ಸೆಯ ಒಳಗುಟ್ಟನ್ನು ವಿವರಿಸಿ ನಂಬಿಕೆ ಬರಿಸಿದರು. ತಾಯಿ ಕಲಸಿದ ನೀರನ್ನು ಅವಳೆದುರಿಗೆ ತಾವೇ ಮೊದಲು ಕುಡಿದು ತೋರಿಸುವ ಕ್ರಮ ಬಂದಿತು. ಗಂಡಸರಿಗಾಗಿ ಸಂತೆಗಳಲ್ಲಿಯೂ ಶಾಲೆಗಳಲ್ಲಿಯೂ ಮಸೀದಿಗಳಲ್ಲಿಯೂ ಸಭೆಗಳಾದವು. ಹೀಗೆ ಹತ್ತು ವರ್ಷಗಳಲ್ಲಿ 1 ಕೋಟಿ 20 ಲಕ್ಷಕ್ಕೂ ಮಿಕ್ಕಿದ ಮನೆಗಳಿಗೆ ಈ ವಿದ್ಯೆ ಮುಟ್ಟಿತು. ಮುಂದಿನ ದಶಕಗಳಲ್ಲಿ ಪೊಟ್ಟಣಗಳು ಸುಲಭವಾಗಿ ದೊರೆಯತೊಡಗಿದಾಗ ಬಾಂಗ್ಲಾದೇಶದ ತಾಯಂದಿರು ಅವುಗಳನ್ನು ಹಿಂಜರಿಯದೆ ಕೊಂಡರು. 2007ರಿಂದ 2014ರವರೆಗಿನ ಸಮೀಕ್ಷೆಗಳಲ್ಲಿ, ಭೇದಿಯಾದ ನಾಲ್ಕು ಮಕ್ಕಳಲ್ಲಿ ಮೂರು ಮಕ್ಕಳಿಗೆ ಪೊಟ್ಟಣದ ದ್ರಾವಣ ದೊರೆತಿತ್ತು. ಜಗತ್ತಿನ ಅತ್ಯುನ್ನತ ಪ್ರಮಾಣಗಳಲ್ಲಿ ಇದೊಂದು.

ಕಲಿತ ನಾಡು ಕಲಿಸುವ ನಾಡಾದುದು ಮೂರನೆಯ ಅಧ್ಯಾಯ. ಢಾಕಾದಲ್ಲಿ ದುಡಿದಿದ್ದ ಅಮೆರಿಕದ ವೈದ್ಯ ನಾರ್ಬರ್ಟ್ ಹರ್ಷ್‌ಹಾರ್ನ್ ಅವರು ತಮ್ಮ ದೇಶಕ್ಕೆ ಮರಳಿ, 1970ರ ದಶಕದಲ್ಲಿ ಅರಿಜೋನಾ ರಾಜ್ಯದ ಅಪಾಚೆ ಬುಡಕಟ್ಟಿನ ಮಕ್ಕಳಿಗೆ ಇದೇ ಚಿಕಿತ್ಸೆಯನ್ನು ಕೊಟ್ಟರು. 1982ರಲ್ಲಿ ಭಾರತೀಯ ಮೂಲದ ಡಾ. ಮಥುರಂ ಸಂತೋಷಂ ಮತ್ತು ಅವರ ಸಂಗಡಿಗರು, ಅಮೆರಿಕ ಹಾಗೂ ಪನಾಮಾ ದೇಶಗಳ ಆಸ್ಪತ್ರೆಗಳಲ್ಲಿ ಪುಷ್ಟರಾದ ಮಕ್ಕಳಿಗೂ ಇದು ಸಮರ್ಪಕವೆಂದು ತೋರಿಸಿದರು. ಆದರೂ ಸೂಜಿ ಸಲೈನುಗಳಿಗೆ ಒಗ್ಗಿದ ಶ್ರೀಮಂತ ದೇಶದ ಆಸ್ಪತ್ರೆಗಳು ಬಡದೇಶದಿಂದ ಬಂದ ಈ ಅಗ್ಗದ ವಿದ್ಯೆಯನ್ನು ಬಹಳ ನಿಧಾನವಾಗಿ ಒಪ್ಪಿದವು. ಹಳ್ಳಿಯ ತಾಯಿ ಹತ್ತು ವರ್ಷದಲ್ಲಿ ಕಲಿತುದನ್ನು ಮಹಾನಗರದ ಆಸ್ಪತ್ರೆ ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಬ್ರ್ಯಾಕ್ ಸಂಸ್ಥೆಯು 2002ರಲ್ಲಿ ಅಫ್ಘಾನಿಸ್ತಾನಕ್ಕೂ, 2006ರಲ್ಲಿ ಉಗಾಂಡಾ, ಟಾಂಜಾನಿಯಾಗಳಿಗೂ ಹೋಗಿ ಕೆಲಸ ಆರಂಭಿಸಿತು. ಹಿಂದುಳಿದ ದೇಶಗಳು ತಮ್ಮತಮ್ಮಲ್ಲೇ ತಾಂತ್ರಿಕ ಸಹಕಾರ ನಡೆಸಬೇಕೆಂದು 1978ರಲ್ಲಿ ಬ್ಯೂನೊಸ್ ಐರಿಸ್ ನಗರದಲ್ಲಿ 138 ರಾಷ್ಟ್ರಗಳು ಅಂಗೀಕರಿಸಿದ ಆಶಯಕ್ಕೆ ಇದು ಒಂದು ಸಾಕಾರ ರೂಪವೆನ್ನಬಹುದು. ನಮ್ಮ ಭಾರತವೂ 1964ರಿಂದ ಐಟೆಕ್ ಯೋಜನೆಯ ಮೂಲಕ ಅನ್ಯದೇಶೀಯರಿಗೆ ತರಬೇತಿ ಕೊಡುತ್ತ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯು 1978ರಲ್ಲಿ ಭೇದಿರೋಗ ನಿಯಂತ್ರಣದ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿತು. ಆ ಸುಮಾರಿಗೆ ಪ್ರತಿವರ್ಷ ನಲವತ್ತು ಲಕ್ಷಕ್ಕೂ ಹೆಚ್ಚು ಶಿಶುಗಳು ಭೇದಿಯಿಂದ ಸಾಯುತ್ತಿದ್ದರೆಂದು ಅಂದಾಜು. ಇಂದು ಆ ಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸಿಗೆ ಇಳಿದಿದೆ. ಶುದ್ಧ ಜಲ, ಶೌಚ, ಲಸಿಕೆ, ಪೌಷ್ಟಿಕ ಆಹಾರಗಳ ಪಾಲೂ ಇದರಲ್ಲಿ ಉಂಟು. ಆದರೆ ಈ ನೀರಿನ ಪಾಲು ಬಹು ದೊಡ್ಡದು. ಮಹಲನಬೀಸರು 2022ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರವು ಮರಣೋತ್ತರವಾಗಿ ಪದ್ಮವಿಭೂಷಣವನ್ನು ಅರ್ಪಿಸಿತು. ಕೋಟಿಗಟ್ಟಲೆ ಮಕ್ಕಳನ್ನು ಉಳಿಸಿದವರ ಹೆಸರನ್ನು ನಮ್ಮ ದೇಶದ ಬಹುಮಂದಿ ಮೊದಲ ಬಾರಿಗೆ ಕೇಳಿದ್ದು ಆಗ!

ನೆರವಿನ ಕಾಲಚಕ್ರವೂ ಈಗ ತಿರುಗಿದೆ. ಅಮೆರಿಕದ ವಿದೇಶೀ ನೆರವಿನ ಸಂಸ್ಥೆಯಾಗಿ 1961ರಲ್ಲಿ ಸ್ಥಾಪಿತವಾಗಿದ್ದ ಯು.ಎಸ್. ಏಡ್ 2025ರ ಜುಲೈ 1ರಂದು ಕೆಲಸ ನಿಲ್ಲಿಸಿತು. ಉಳಿದ ಕಾರ್ಯಗಳು ಆ ದೇಶದ ವಿದೇಶಾಂಗ ಇಲಾಖೆಗೆ ಸೇರಿದವು. ಆ ವರ್ಷದ ಆದಿಯಲ್ಲಿಯೇ ನೆರವು ನಿಂತುದರಿಂದ, ಮೇಲೆ ಹೇಳಿದ ಢಾಕಾ ಸಂಶೋಧನಾಲಯದ ಉತ್ತರಾಧಿಕಾರಿ ಸಂಸ್ಥೆಯಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಕೆಲಸ ಕಳೆದುಕೊಂಡರು. ಇದು ದುಃಖದ ಸಂಗತಿ. ಹಣದ ಹೊಳೆ ಒಂದು ದಿನ ಬತ್ತಬಹುದು. ಆದರೆ ತಾಯಿಯ ಮೂರು ಬೆರಳಿಗೆ ಕಲಿಸಿದ ಚಿಟಿಕೆಯ ಅಳತೆಯನ್ನು ಯಾವ ಸರ್ಕಾರವೂ ಹಿಂದಕ್ಕೆ ತೆಗೆದುಕೊಳ್ಳಲಾರದು. ನೆರವಿನಲ್ಲಿ ಉಳಿಯುವ ಭಾಗ ಯಾವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಡೆಯದಾಗಿ ನಮ್ಮ ನಾಡಿನ ವಿಷಯ. ಇದನ್ನು ಓದುತ್ತಿರುವವರಲ್ಲಿ ಹಲವರು ವೈದ್ಯರಿದ್ದೀರಿ, ಉಪಾಧ್ಯಾಯರಿದ್ದೀರಿ, ಔಷಧದ ಅಂಗಡಿ ಇಟ್ಟವರಿದ್ದೀರಿ. ಎಲ್ಲರ ಮನೆಯಲ್ಲಿಯೂ ಮಕ್ಕಳಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಈ ದ್ರಾವಣ ದೊರೆತದ್ದು ನೂರಕ್ಕೆ ಸುಮಾರು 61 ಮಕ್ಕಳಿಗೆ ಮಾತ್ರ. ಕಾರಣವೇನೆಂದು ನಮ್ಮ ಕರ್ನಾಟಕದಲ್ಲಿಯೂ ಬಿಹಾರದಲ್ಲಿಯೂ 253 ಪಟ್ಟಣಗಳಲ್ಲಿ ನಡೆಸಿದ ಒಂದು ಅಧ್ಯಯನವು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸಕರಿಗೆ ಓ.ಆರ್.ಎಸ್. ವಿಷಯ ತಿಳಿಯದೆಂದೇನೂ ಅಲ್ಲ. ಪೊಟ್ಟಣ ಸಿಕ್ಕದಿರುವುದಾಗಲಿ, ಬೇರೆ ಔಷಧದಲ್ಲಿ ಲಾಭವಿರುವುದಾಗಲಿ ಸಣ್ಣ ಕಾರಣಗಳು. ಎಲ್ಲಕ್ಕಿಂತ ದೊಡ್ಡ ಕಾರಣ, ‘ಬಂದವರು ಇದನ್ನು ಬಯಸುವುದಿಲ್ಲ’ ಎಂದು ಚಿಕಿತ್ಸಕರು ತಾವೇ ಭಾವಿಸಿಕೊಂಡಿರುವುದು. ಬಂದವರೇ ಬಾಯಿಬಿಟ್ಟು ಕೇಳಿದಾಗ ಅವರು ಅದನ್ನು ಹೆಚ್ಚಾಗಿ ಬರೆದುಕೊಟ್ಟರು. ವೈದ್ಯರು ಇವರು ಒಪ್ಪಲಾರರೆಂದು ಸುಮ್ಮನಿದ್ದಾರೆ. ಇವರು ವೈದ್ಯರೇ ಹೇಳಲೆಂದು ಸುಮ್ಮನಿದ್ದಾರೆ. ನಡುವೆ ಮಗು ಬಾಡುತ್ತಿದೆ. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಹಳೆಯ ಭ್ರಮೆಯೂ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ.

ಆದುದರಿಂದ ಈ ಚರಿತ್ರೆಯನ್ನು ಓದಿದ ಫಲವಾಗಿ ಪ್ರತಿಯೊಬ್ಬರೂ ಎರಡು ಕೆಲಸಗಳನ್ನು ಮಾಡಬಹುದು. ಮನೆಯಲ್ಲಿ ಓ.ಆರ್.ಎಸ್. ಪೊಟ್ಟಣವನ್ನು ಇಟ್ಟುಕೊಂಡು, ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ, ಭೇದಿ ಮೊದಲಾದಾಗಲೇ ಗುಟುಕು ಗುಟುಕಾಗಿ ಕುಡಿಸುವುದು ಮೊದಲನೆಯದು. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ರಕ್ತ ಕಂಡರೆ ಆಸ್ಪತ್ರೆಗೆ ತಡಮಾಡಬಾರದು. ಎರಡನೆಯದು, ವೈದ್ಯರ ಬಳಿ ಹೋದಾಗ ‘ಓ.ಆರ್.ಎಸ್. ಕೊಡಿ’ ಎಂದು ನಾವಾಗಿಯೇ ಕೇಳುವುದು. ವೈದ್ಯರಾದವರು, ಎದುರಿಗೆ ಕುಳಿತ ತಾಯಿಗೆ ಏನು ಬೇಕೆಂದು ಊಹಿಸುವ ಬದಲು ಅವಳನ್ನೇ ಕೇಳುವುದು. ಕೊಡುವವನು ಕೇಳಬೇಕು, ಪಡೆಯುವವನು ಹೇಳಬೇಕು. ಬಾಂಗ್ಲಾದೇಶದ ತಾಯಂದಿರು ಲೋಕದ ತಜ್ಞರಿಗೆ ಕಲಿಸಿದ ಪಾಠ ಇದೇ ಆಗಿದೆ.